ಅಂಡಮಾನ್‌ನ ಕೋಗಿಲೆ ಬೆಳವ ನೋಡಬೇಕಾ? ಮೊದಲು ನಿಮ್ಮ ಬಾಲ್ಕನಿಯಲ್ಲಿ ಕೂರಿ

ಬೆಂಗಳೂರಿನಿಂದ ಅಂಡಮಾನ್‌ಗೆ ವಿಮಾನದಲ್ಲಿ ಎರಡೂವರೆ ಗಂಟೆ. ನಮ್ಮ ಮಡಿವಾಳದಿಂದ ಏರ್‌ಪೋರ್ಟ್ ತಲುಪೋಕೇ ಕೆಲವು ದಿನ ಅಷ್ಟು ಹೊತ್ತು ಬೇಕು. ಹಾಗಾಗಿ ತುಂಬಾ ಜನ ಹೋಗಿ ಬರುತ್ತಾರೆ. ಸಮುದ್ರ ನೋಡುತ್ತಾರೆ, ಸೆಲ್ಯುಲರ್ ಜೈಲು ನೋಡುತ್ತಾರೆ, ಸ್ಕೂಬಾ ಮಾಡುತ್ತಾರೆ. ಆದರೆ ಆ ದ್ವೀಪಗಳ ಕಾಡಿನೊಳಗೆ ಒಂದು ಕೆಂಗಂದು ಬಣ್ಣದ, ಉದ್ದ ಬಾಲದ, ತುಂಬಾ ಸಂಕೋಚದ ಬೆಳವ ಇದೆ. ಅಂಡಮಾನ್ ಮತ್ತು ನಿಕೋಬಾರ್ ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ. ಅದನ್ನು ನೋಡಬೇಕು ಅಂತ ಆಸೆ ಇರುವವರಿಗೆ ಇದು. ಕ್ಯಾಮೆರಾ ಬೇಕಿಲ್ಲ, ದೊಡ್ಡ ಅನುಭವವೂ ಬೇಕಿಲ್ಲ. ಒಂದು ಗಂಟೆ ಸುಮ್ನೆ ಕೂರುವ ಅಭ್ಯಾಸ ಬೇಕು. ಅದನ್ನು ಬೆಂಗಳೂರಿನಲ್ಲೇ ಕಲಿಯಬಹುದು, ಇಲ್ಲೇ ಕಲಿತು ಹೋಗಬೇಕು ಅಂತಲೇ ನಾನು ಹೇಳುವುದು.

ಮೊದಲು ಹಕ್ಕಿಯ ಪರಿಚಯ. ಇಂಗ್ಲಿಷಿನಲ್ಲಿ ಅಂಡಮಾನ್ ಕುಕೂ ಡವ್ ಅನ್ನುತ್ತಾರೆ. ನಮ್ಮ ಕಡೆ ಇಲ್ಲದ ಹಕ್ಕಿ ಅಲ್ವಾ, ಹಾಗಾಗಿ ನಾನು ಸರಳವಾಗಿ ಕೋಗಿಲೆ ಬೆಳವ ಅಂತ ಕರೆಯುತ್ತೇನೆ. ಕೋಗಿಲೆಗೂ ಇದಕ್ಕೂ ಸಂಬಂಧವಿಲ್ಲ. ಬಾಲ ಕೋಗಿಲೆಯ ಹಾಗೆ ಉದ್ದ, ಹಾರುವಾಗ ನೆರಳು ಕೋಗಿಲೆಯ ಹಾಗೆ ಕಾಣುತ್ತದೆ, ಅಷ್ಟೇ. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 40 ಸೆಂಟಿಮೀಟರ್. ನಮ್ಮ ಚುಕ್ಕೆ ಬೆಳವಕ್ಕಿಂತ ಸಾಕಷ್ಟು ದೊಡ್ಡದು, ಆದರೆ ಆ ಉದ್ದದಲ್ಲಿ ದೊಡ್ಡ ಪಾಲು ಬಾಲದ್ದೇ. ಗಂಡಿನ ಎದೆ ಮತ್ತು ಹೊಟ್ಟೆಯ ಮೇಲೆ ಸಣ್ಣ ಸಣ್ಣ ಕಪ್ಪು ಗೆರೆಗಳಿರುತ್ತವೆ. ಎಡ್ವರ್ಡ್ ಬ್ಲೈತ್ ಎನ್ನುವ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞರು 1846ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟರು, ಮ್ಯಾಕ್ರೊಪೈಜಿಯಾ ರುಫಿಪೆನ್ನಿಸ್. ರುಫಿಪೆನ್ನಿಸ್ ಅಂದರೆ ಕೆಂಪು ರೆಕ್ಕೆಯದು. ಇದರ ಹತ್ತಿರದ ನೆಂಟರು ಪೂರ್ವ ಹಿಮಾಲಯದ ಕಡೆ ಮತ್ತು ಆಗ್ನೇಯ ಏಷ್ಯಾದಲ್ಲಿದ್ದಾರೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಈ ಗುಂಪಿನ ಒಂದೂ ಹಕ್ಕಿ ಇಲ್ಲ.

ಇದು ಹಣ್ಣು ತಿನ್ನುವ ಹಕ್ಕಿ. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಹುಡುಕುವ ದಾರಿ ಪೂರ್ತಿ ಇದರ ಮೇಲೇ ನಿಂತಿದೆ. ಕಾಡಿನ ಮರಗಳ ಸಣ್ಣ ಹಣ್ಣುಗಳನ್ನು ಇಡಿಯಾಗಿ ನುಂಗುತ್ತದೆ. ತೆಳ್ಳನೆಯ ರೆಂಬೆಯ ತುದಿಗೆ ಹೋಗಿ, ಬೀಳದ ಹಾಗೆ ಆ ಉದ್ದ ಬಾಲವನ್ನು ಸಮತೋಲಕ್ಕೆ ಬಳಸಿಕೊಂಡು, ಅರ್ಧ ತಲೆಕೆಳಗಾಗಿಯೂ ಹಣ್ಣು ಕೀಳುತ್ತದೆ. ನಮ್ಮ ಜೀರಿಗೆ ಮೆಣಸಿನಂಥ ಸಣ್ಣ ಮೆಣಸಿನಕಾಯಿ ಕೂಡ ತಿನ್ನುತ್ತದೆ! ನಮ್ಮಜ್ಜಿಗೆ ಇದನ್ನು ಹೇಳಿದಾಗ ಅವರು ನಂಬಲಿಲ್ಲ, "ಅದಕ್ಕೆ ಖಾರ ಆಗಲ್ವೇನೋ" ಅಂತ ಕೇಳಿದರು. ಆಗುವುದಿಲ್ಲ. ಮೆಣಸಿನ ಖಾರವನ್ನು ನಮ್ಮ ನಾಲಿಗೆ ಉರಿ ಅಂತ ಗುರುತಿಸುತ್ತದೆ, ಹಕ್ಕಿಗಳ ನರಗಳು ಅದಕ್ಕೆ ಸ್ಪಂದಿಸುವುದೇ ಇಲ್ಲ. ಇಲಿ, ಅಳಿಲು ಕಚ್ಚಿ ಬಿಟ್ಟುಬಿಡುವ ಕಾಯಿಯನ್ನು ಹಕ್ಕಿ ನೆಮ್ಮದಿಯಾಗಿ ನುಂಗುತ್ತದೆ.

ಸರಿ, ಈಗ ತಯಾರಿ.

ಮೊದಲ ಪಾಠ ಮನೆಯಲ್ಲೇ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಎಸಿಯ ಹೊರಗಿನ ಡಬ್ಬದ ಮೇಲೆ, ಹೂಕುಂಡದಲ್ಲಿ, ಗೀಸರ್ ಪೈಪಿನ ಸಂದಿಯಲ್ಲಿ ಪುಟ್ಟ ಕಂದು ಬೆಳವ ಗೂಡು ಕಟ್ಟುವುದನ್ನು ನೀವು ನೋಡೇ ಇರುತ್ತೀರಿ. ಪಾರಿವಾಳ ಅಲ್ಲ, ಅದಕ್ಕಿಂತ ಚಿಕ್ಕದು, ಕತ್ತಿನ ಕೆಳಗೆ ಕಪ್ಪು ಚುಕ್ಕೆಗಳ ಪಟ್ಟಿ ಇರುವುದು. ಗೂಡು ಅಂದರೆ ಹತ್ತಿಪ್ಪತ್ತು ಕಡ್ಡಿ, ಕೆಳಗಿನಿಂದ ನೋಡಿದರೆ ಮೊಟ್ಟೆ ಕಾಣುವಷ್ಟು ತೆಳು. ಎರಡು ವರ್ಷದ ಹಿಂದೆ ನಮ್ಮ ಬಾಲ್ಕನಿಯಲ್ಲಿ ಹೀಗೆ ಒಂದು ಜೋಡಿ ಬಂದು ಕೂತಿತು. ಅಮ್ಮ ಆ ಕಡೆ ಬಟ್ಟೆ ಒಣಗಿ ಹಾಕುವುದನ್ನೇ ನಿಲ್ಲಿಸಿದರು. ನಾನು ದಿನಾ ಬೆಳಿಗ್ಗೆ ಕಾಫಿ ಹಿಡಿದುಕೊಂಡು ಬಾಗಿಲ ಈಚೆ ಕೂರುತ್ತಿದ್ದೆ. ಎರಡು ವಾರದೊಳಗೆ ಮರಿ ಹೊರಬಂತು, ಇನ್ನೆರಡು ವಾರದಲ್ಲಿ ಹಾರಿಯೇ ಹೋದವು. ಅಷ್ಟರಲ್ಲಿ ನಾನು ಕಲಿತದ್ದು ಯಾವ ಆ್ಯಪೂ ಕಲಿಸುವುದಿಲ್ಲ.

ಬೆಳವಕ್ಕೆ ಹೆದರಿಕೆ ಆದರೆ ಅದು ತಕ್ಷಣ ಹಾರುವುದಿಲ್ಲ. ಮೊದಲು ಅಲುಗಾಡುವುದು ನಿಲ್ಲಿಸುತ್ತದೆ. ಆಮೇಲೆ ಕತ್ತು ಉದ್ದ ಮಾಡುತ್ತದೆ, ಗರಿಗಳನ್ನು ಮೈಗೆ ಅಂಟಿಸಿಕೊಂಡು ತೆಳ್ಳಗಾಗುತ್ತದೆ. ತಲೆ ಒಂದೆರಡು ಸಲ ಮೇಲೆ ಕೆಳಗೆ ಆಡುತ್ತದೆ. ನಂತರವೇ ಹಾರುವುದು. ಈ ಕ್ರಮ ಕಣ್ಣಿಗೆ ಅಭ್ಯಾಸವಾದರೆ ಯಾವ ಹಂತದಲ್ಲಿ ನೀವು ಹಿಂದೆ ಸರಿಯಬೇಕು ಅಂತ ಗೊತ್ತಾಗುತ್ತದೆ. ಕತ್ತು ಉದ್ದ ಆಯಿತಾ, ನೀವು ಜಾಸ್ತಿ ಹತ್ತಿರ ಬಂದಿದ್ದೀರಿ. ಕಾಡಿನ ಬೆಳವವೂ ಹೀಗೇ, ಆದರೆ ಅದು ಇದೆಲ್ಲವನ್ನೂ ನೀವು ಮೂವತ್ತು ನಲವತ್ತು ಅಡಿ ದೂರ ಇರುವಾಗಲೇ ಮಾಡಿ ಮುಗಿಸಿರುತ್ತದೆ.

ಇನ್ನೊಂದು ಸಂಗತಿ. ಮರಿಗಳಿಗೆ ಮೊದಲ ದಿನಗಳಲ್ಲಿ ತಂದೆ ತಾಯಿ ಇಬ್ಬರೂ ತಮ್ಮ ಗಂಟಲ ಚೀಲದಲ್ಲಿ ತಯಾರಾಗುವ ಗಟ್ಟಿ ಹಾಲಿನಂಥ ಪದಾರ್ಥ ಉಣಿಸುತ್ತಾರೆ. ಪಾರಿವಾಳ, ಬೆಳವಗಳ ಇಡೀ ಕುಟುಂಬಕ್ಕೆ ಇರುವ ಗುಣ ಇದು. ಗಂಡೂ ಹಾಲು ಕೊಡುತ್ತದೆ ಅನ್ನುವುದು ನನಗೆ ಇವತ್ತಿಗೂ ಬೆರಗು.

ಎರಡನೆಯ ಪಾಠ ಕಿವಿಯದು. ಬೆಳವಗಳ ದನಿ ತಗ್ಗಿನದು, ಮೂಗು ಮುಚ್ಚಿಕೊಂಡು ಗುನುಗಿದ ಹಾಗೆ. ತಗ್ಗಿನ ದನಿ ಎಲ್ಲಿಂದ ಬರುತ್ತಿದೆ ಅಂತ ಹೇಳುವುದು ಕಷ್ಟ. ದಟ್ಟ ಕಾಡಿನಲ್ಲಿ ಅದು ಎಲ್ಲ ಕಡೆಯಿಂದಲೂ ಬಂದ ಹಾಗೆ ಅನ್ನಿಸುತ್ತದೆ. ಲಾಲ್‌ಬಾಗ್‌ಗೆ ಬೆಳಿಗ್ಗೆ ಆರು ಗಂಟೆಗೆ ಹೋಗಿ. ಕೆರೆಯ ಆಚೆ ಕಡೆ, ವಾಕಿಂಗ್‌ನವರು ಕಡಿಮೆ ಇರುವ ಜಾಗ ನೋಡಿ ನಿಂತು ಕಣ್ಣು ಮುಚ್ಚಿ. ಚುಕ್ಕೆ ಬೆಳವದ "ಕ್ರೂ ಕ್ರೂ ಕುರ್ರೂ" ಕೇಳಿಸಿದರೆ, ಎರಡೂ ಅಂಗೈಯನ್ನು ಕಿವಿಯ ಹಿಂದೆ ಬಟ್ಟಲಿನ ಹಾಗೆ ಹಿಡಿದು ನಿಧಾನಕ್ಕೆ ತಲೆ ತಿರುಗಿಸಿ. ದನಿ ಯಾವ ದಿಕ್ಕಿನಲ್ಲಿ ಅತಿ ಜೋರಾಗುತ್ತದೋ ಅಲ್ಲಿಗೆ ಬೆರಳು ತೋರಿಸಿ, ಆಮೇಲೆ ಕಣ್ಣು ಬಿಟ್ಟು ಹುಡುಕಿ. ಮೊದಲ ದಿನ ನನ್ನ ಬೆರಳು ಪೂರ್ತಿ ಬೇರೆ ಮರದ ಕಡೆ ಇತ್ತು. ಹತ್ತು ಹನ್ನೆರಡು ಬೆಳಿಗ್ಗೆ ಮಾಡಿದ ಮೇಲೆ ಮರ ಸರಿಹೋಯಿತು, ಇನ್ನೂ ಸ್ವಲ್ಪ ದಿನಕ್ಕೆ ಕೊಂಬೆಯೂ. ಜೊತೆ ಬೇಕು ಅಂದರೆ ಪ್ರತಿ ತಿಂಗಳ ಎರಡನೇ ಭಾನುವಾರ ಲಾಲ್‌ಬಾಗ್‌ನಲ್ಲಿ ಪಕ್ಷಿ ವೀಕ್ಷಕರು ಸೇರುವ ಪದ್ಧತಿ ದಶಕಗಳಿಂದ ನಡೆದು ಬಂದಿದೆ, ಹೊಸಬರನ್ನು ಪ್ರೀತಿಯಿಂದ ಸೇರಿಸಿಕೊಳ್ಳುತ್ತಾರೆ.

ಅಲ್ಲೇ ಕೆಂಬೂತದ "ಊಪ್ ಊಪ್ ಊಪ್" ಕೂಡ ಚೆನ್ನಾಗಿ ಕೇಳಿಸಿಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೂರನೆಯ ಪಾಠ ನಂದಿ ಬೆಟ್ಟ. ಇದನ್ನು ಬಿಡಲೇಬೇಡಿ. ನಂದಿ 1,478 ಮೀಟರ್ ಎತ್ತರ. ಸುತ್ತ ಚಿಕ್ಕಬಳ್ಳಾಪುರದ ಒಣ ಬಯಲು, ದ್ರಾಕ್ಷಿ ತೋಟ. ಮೇಲೆ ಮಾತ್ರ ಮಂಜು ಹಿಡಿದಿಟ್ಟುಕೊಂಡ ಹಸಿರು ಕಾಡಿನ ಒಂದು ತುಣುಕು. ನೆಲದ ಮೇಲಿನ ದ್ವೀಪ ಅದು, ನೀರಿನ ಬದಲು ಸುತ್ತ ಬಯಲಿದೆ ಅಷ್ಟೇ. ಆ ತುಣುಕಿನಲ್ಲಿ ನೀಲಗಿರಿ ಕಾಡು ಪಾರಿವಾಳ ಇದೆ. ಅದರ ನಿಜವಾದ ಮನೆ ಪಶ್ಚಿಮ ಘಟ್ಟ, ಇಷ್ಟು ದೂರ ಬಯಲಿನ ನಡುವೆ ಒಂದು ಬೆಟ್ಟದ ನೆತ್ತಿಯಲ್ಲಿ ಅದರ ಒಂದು ಸಣ್ಣ ಗುಂಪು ಬೇರೆಯಾಗಿ ಉಳಿದುಕೊಂಡಿದೆ. ಕತ್ತಿನ ಹಿಂದೆ ಕಪ್ಪು ಬಿಳಿ ಚದುರಂಗದ ಮಣೆ ಇಟ್ಟ ಹಾಗೆ ಗುರುತು. ಇದೂ ಹಣ್ಣು ತಿನ್ನುವ, ಎಲೆ ಮರೆಯಲ್ಲೇ ಇರುವ, ಸಂಕೋಚದ ಹಕ್ಕಿ. ಅಂಡಮಾನ್‌ನ ಬೆಳವ ನೋಡಲು ಇದಕ್ಕಿಂತ ಒಳ್ಳೆಯ ರಿಹರ್ಸಲ್ ಇಲ್ಲ.

ಶನಿವಾರ ಭಾನುವಾರ ಹೋಗಬೇಡಿ. ಸೂರ್ಯೋದಯಕ್ಕೆ ಬರುವ ಬೈಕುಗಳ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ವಾರದ ಮಧ್ಯೆ ರಜೆ ಹಾಕಿ ಹೋಗಿ, ಗೇಟು ತೆರೆಯುವ ಹೊತ್ತು ಮೊದಲೇ ವಿಚಾರಿಸಿಕೊಳ್ಳಿ. ಮೇಲೆ ನರ್ಸರಿಯ ಸುತ್ತಮುತ್ತ ದೊಡ್ಡ ಮರಗಳ ಕೆಳಗೆ ಬಿದ್ದ ಹಣ್ಣು ಇದೆಯಾ ನೋಡಿ. ಇದ್ದರೆ ಅಲ್ಲೇ ಕೂರಿ. ನಡೆಯಬೇಡಿ. ಮೇಲಿನಿಂದ ಹಣ್ಣು, ಸಿಪ್ಪೆ "ಟಪ್ ಟಪ್" ಅಂತ ಬೀಳುತ್ತಿದ್ದರೆ ಮೇಲೆ ಯಾರೋ ಊಟ ಮಾಡುತ್ತಿದ್ದಾರೆ ಅಂತ ಅರ್ಥ. ಕೋತಿ ಇರಬಹುದು, ಅಳಿಲು ಇರಬಹುದು, ನಿಮ್ಮ ಪಾರಿವಾಳವೂ ಇರಬಹುದು. ಬೈನಾಕ್ಯುಲರ್ ಅನ್ನು ಎದೆಯ ಮಟ್ಟದಲ್ಲಿ ಹಿಡಿದು ಕಾಯಿರಿ, ಪ್ರತಿ ಸಲ ಕೆಳಗಿನಿಂದ ಎತ್ತಿದರೆ ಆ ಕೈ ಚಲನೆಯೇ ಹಕ್ಕಿಯನ್ನು ಓಡಿಸುತ್ತದೆ. ಬೈನಾಕ್ಯುಲರ್ 8×42 ಇದ್ದರೆ ಸಾಕು, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲದ್ದು. ಹತ್ತು ಪಟ್ಟಿನದು ಕಾಡಿನೊಳಗೆ ಜಾಸ್ತಿ ಅಲುಗಾಡುತ್ತದೆ, ಕಾಣುವ ಜಾಗವೂ ಕಡಿಮೆ.

ನಂದಿಯಲ್ಲಿ ಒಂದು ಗಂಟೆ ಅಲುಗಾಡದೆ ಕೂತು ಪಾರಿವಾಳವನ್ನು ಎರಡು ನಿಮಿಷ ನೋಡಿದಿರಾ? ಹಾಗಾದರೆ ಟಿಕೆಟ್ ಬುಕ್ ಮಾಡಿ.

ಹೋಗುವ ಕಾಲ ಡಿಸೆಂಬರ್‌ನಿಂದ ಮಾರ್ಚ್. ಮೇ ತಿಂಗಳಿಂದ ಮಳೆ ಹಿಡಿಯುತ್ತದೆ, ನವೆಂಬರ್‌ವರೆಗೂ ಬಿಡುವುದಿಲ್ಲ. ವಿಮಾನ ಇಳಿಯುವುದು ಪೋರ್ಟ್ ಬ್ಲೇರ್‌ನಲ್ಲಿ, 2024ರಿಂದ ಅದರ ಹೆಸರು ಶ್ರೀ ವಿಜಯ ಪುರಂ.

ಅಲ್ಲಿ ಹೋದವರು ಮೊದಲು ತಪ್ಪುವುದು ಗಡಿಯಾರದಲ್ಲಿ. ಅಂಡಮಾನ್ ನಮಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ, ಗಡಿಯಾರ ಮಾತ್ರ ನಮ್ಮದೇ. ಅಂದರೆ ಸೂರ್ಯ ಸರಿಯಾಗಿ ಒಂದು ಗಂಟೆ ಮುಂಚೆ ಹುಟ್ಟುತ್ತಾನೆ. ಜನವರಿಯಲ್ಲಿ ಬೆಂಗಳೂರಿನಲ್ಲಿ 6:45ರ ಸುಮಾರಿಗೆ ಬೆಳಗಾದರೆ ಅಲ್ಲಿ 5:45ಕ್ಕೇ ಬಿಸಿಲು. ಸಂಜೆ ಐದೂಕಾಲಿಗೆ ಮುಳುಗಿಬಿಡುತ್ತಾನೆ, ಕಾಡಿನೊಳಗೆ ನಾಲ್ಕೂವರೆಗೇ ಮಬ್ಬು. ಹೋಟೆಲಿನ ತಿಂಡಿ ಮುಗಿಸಿಕೊಂಡು ಎಂಟಕ್ಕೆ ಹೊರಟರೆ ಹಕ್ಕಿಗಳ ಬೆಳಗ್ಗೆ ಮುಗಿದೇ ಹೋಗಿರುತ್ತದೆ. ಹಿಂದಿನ ರಾತ್ರಿಯೇ ಬ್ರೆಡ್, ಬಾಳೆಹಣ್ಣು ತೆಗೆದಿಟ್ಟುಕೊಳ್ಳಿ. ಆಟೋ ಅಥವಾ ಟ್ಯಾಕ್ಸಿಯವರಿಗೆ ನಾಲ್ಕೂಮುಕ್ಕಾಲಿಗೆ ಬರಲು ಹೇಳಿ.

ಜಾಗ ಎರಡು ಸಾಕು. ಒಂದು, ಚಿಡಿಯಾ ಟಾಪು, ಊರಿನಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್. ಸಮುದ್ರದ ಪಕ್ಕದಲ್ಲೇ ಎತ್ತರದ ಮರಗಳ ಕಾಡು, ನಡುವೆ ರಸ್ತೆ. ಎಲ್ಲರೂ ಸೂರ್ಯಾಸ್ತ ನೋಡಲು ಬರುವ ಜಾಗ, ಬೆಳಿಗ್ಗೆ ಯಾರೂ ಇರುವುದಿಲ್ಲ. ಇನ್ನೊಂದು, ಮೌಂಟ್ ಹ್ಯಾರಿಯೆಟ್. ಬ್ರಿಟಿಷರ ವಿರುದ್ಧ ನಡೆದ 1891ರ ಯುದ್ಧದ ನಂತರ ಅಲ್ಲಿ ಸೆರೆಯಲ್ಲಿದ್ದ ಮಣಿಪುರದವರ ನೆನಪಿಗೆ 2021ರಲ್ಲಿ ಇದಕ್ಕೆ ಮೌಂಟ್ ಮಣಿಪುರ ಅಂತ ಹೆಸರು ಬದಲಾಯಿತು. ಚಾಥಮ್‌ನಿಂದ ಬಂಬೂಫ್ಲಾಟ್‌ಗೆ ಫೆರ್ರಿಯಲ್ಲಿ ದಾಟಿ ಹೋಗಬೇಕು, ರಾಷ್ಟ್ರೀಯ ಉದ್ಯಾನ ಆದ್ದರಿಂದ ಟಿಕೆಟ್ ಇದೆ. ಹಳೆಯ ಕೆಂಪು ಬಣ್ಣದ ಇಪ್ಪತ್ತು ರೂಪಾಯಿ ನೋಟಿನ ಹಿಂದೆ ಇದ್ದ ಚಿತ್ರ ಅಲ್ಲಿಂದ ಕಾಣುವ ನೋಟವೇ.

ಈಗ ನನ್ನ ಮೊದಲ ದಿನದ ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ಚಿಡಿಯಾ ಟಾಪುವಿನಲ್ಲಿ ಬೆಳಿಗ್ಗೆ ಐದೂವರೆಯಿಂದ ಹತ್ತರವರೆಗೆ ನಡೆದೆ. ನಡೆದೇ ನಡೆದೆ. ಹೊಸ ಜಾಗ, ಹೊಸ ಹಕ್ಕಿಗಳು, ಕಾಲು ನಿಲ್ಲಲಿಲ್ಲ. ನಾಲ್ಕೂವರೆ ಗಂಟೆಯಲ್ಲಿ ಕಂಡದ್ದು ಒಂದು ಕಂದು ಬಾಲ, ರಸ್ತೆ ದಾಟಿ ಪೊದೆಗೆ ನುಗ್ಗಿದ್ದು. ಅದು ಬೆಳವವೋ ಇನ್ನೇನೋ ಅಂತ ಹೇಳಲಾಗಲಿಲ್ಲ, ಪಟ್ಟಿಯಲ್ಲಿ ಬರೆಯಲೂ ಇಲ್ಲ.

ಎರಡನೆಯ ದಿನ ಅಲ್ಲಿನ ಒಬ್ಬ ಅಣ್ಣ ಜೊತೆಗೆ ಬಂದರು. ಬೇರೆ ಭಾಷೆಯವರು, ನನ್ನ ಅರೆಬರೆ ಹಿಂದಿಯಲ್ಲಿ ಮಾತಾಡಿದೆವು. ಅವರು ನನ್ನನ್ನು ಎಲ್ಲೂ ನಡೆಸಲಿಲ್ಲ. ರಸ್ತೆ ಬದಿಯಲ್ಲಿ ಕಾಡಿನ ಅಂಚಿನ ಒಂದು ಸಣ್ಣ ಮರ ತೋರಿಸಿದರು. ನೋಡಿದ ಕೂಡಲೇ ಗುರುತು ಸಿಕ್ಕಿತು, ನಮ್ಮ ಮಲೆನಾಡಿನ ಚಂದಕಲು ಮರದ ಜಾತಿ! ತೊಟ್ಟು ಎಲೆಯ ಅಂಚಿಗಲ್ಲದೆ ನಡುವೆ ಅಂಟಿಕೊಂಡ, ಗುರಾಣಿಯಂಥ ದುಂಡು ಎಲೆ. ಕಾಡು ಕಡಿದ ಅಂಚಿನಲ್ಲಿ, ರಸ್ತೆ ಬದಿಯಲ್ಲಿ ಬೇಗ ಬೆಳೆಯುವ ಮರ. ಗೊಂಚಲು ಗೊಂಚಲು ಸಣ್ಣ ಹಣ್ಣು. ಕೋಗಿಲೆ ಬೆಳವಗಳಿಗೆ ಇಂಥ ಮರಗಳೆಂದರೆ ಇಷ್ಟ, ಅತ್ತಿ ಬಸರಿ ಜಾತಿಯವೂ ಅಷ್ಟೇ. ಹಾಗಾಗಿ ನೀವು ಹುಡುಕಬೇಕಾದ್ದು ಹಕ್ಕಿಯನ್ನಲ್ಲ, ಹಣ್ಣು ಬಿಟ್ಟ ಮರವನ್ನು. ಮರ ಸಿಕ್ಕರೆ ಅರ್ಧ ಕೆಲಸ ಆಯಿತು. ಅದರಿಂದ ನಲವತ್ತು ಐವತ್ತು ಅಡಿ ದೂರದಲ್ಲಿ, ಬೆನ್ನಿಗೆ ಒಂದು ದಪ್ಪ ಮರ ಅಥವಾ ಪೊದೆ ಇರುವ ಹಾಗೆ ಕೂರಿ, ಸೂರ್ಯ ನಿಮ್ಮ ಹಿಂದಿರಲಿ. ಆಕಾಶದ ಎದುರಿಗೆ ನಿಮ್ಮ ಆಕಾರ ಎದ್ದು ಕಾಣಬಾರದು.

ಐವತ್ತು ನಿಮಿಷ ಏನೂ ಇಲ್ಲ. ಆಮೇಲೆ ಗೊಂಚಲು ಒಂದು ತನ್ನಷ್ಟಕ್ಕೆ ಬಾಗಿತು. ಗಾಳಿ ಇರಲಿಲ್ಲ. ಎಲೆಗಳ ಸಂದಿಯಿಂದ ಇಟ್ಟಿಗೆ ಬಣ್ಣದ ಒಂದು ತಲೆ, ಆಮೇಲೆ ಎದೆ, ಅದರ ಮೇಲೆ ಪೆನ್ಸಿಲಿನಲ್ಲಿ ಎಳೆದಂಥ ಗೆರೆಗಳು. ಅದು ಯಾವಾಗ ಬಂತು ನನಗೆ ಗೊತ್ತೇ ಆಗಲಿಲ್ಲ, ಬಹುಶಃ ನಾವು ಕೂರುವ ಮೊದಲೇ ಅಲ್ಲಿತ್ತು. ಒಂದು ಹಣ್ಣು ಕಿತ್ತು ನುಂಗಿತು, ನಿಂತಿತು, ಸುತ್ತ ನೋಡಿತು, ಮತ್ತೊಂದು. ಆರು ನಿಮಿಷ. ಕತ್ತು ಉದ್ದ ಆಗಲಿಲ್ಲ. ಬಾಲ್ಕನಿಯಲ್ಲಿ ಕಲಿತದ್ದು ಆಗ ನೆನಪಾಗಿ ಗಂಟಲು ಕಟ್ಟಿತು.

ತಪ್ಪು ಗುರುತಿಸುವ ಬಗ್ಗೆ ಸ್ವಲ್ಪ. ಅಂಡಮಾನ್‌ನಲ್ಲಿ ತನ್ನದೇ ಒಂದು ಕೆಂಬೂತ ಇದೆ, ಮೈ ಕಂದು, ಬಾಲ ಉದ್ದ, ಪೊದೆಗಳಲ್ಲಿ ಓಡಾಡುತ್ತದೆ, "ಊಪ್ ಊಪ್" ಅನ್ನುತ್ತದೆ. ಮೊದಲ ದಿನ ನನಗೆ ಕಂಡ ಬಾಲ ಅದರದ್ದೇ ಇದ್ದರೂ ಆಶ್ಚರ್ಯವಿಲ್ಲ. ಕೆಂಬೂತದ ಕೊಕ್ಕು ದಪ್ಪ, ಬಾಗಿದ್ದು, ಹಾರಾಟ ಭಾರವಾಗಿ ತೇಲಿದ ಹಾಗೆ. ಬೆಳವದ ತಲೆ ಪುಟ್ಟದು, ಕೊಕ್ಕು ಸಣ್ಣದು, ಹಾರಾಟ ಚುರುಕು. ಲಾಲ್‌ಬಾಗ್‌ನಲ್ಲಿ ಕೆಂಬೂತ ಕೇಳಿಸಿಕೊಳ್ಳಿ ಅಂದದ್ದು ಇದಕ್ಕೇ. ಇನ್ನು ಎತ್ತರದ ಮರದ ನೆತ್ತಿಯಲ್ಲಿ ಬಿಳಿಚಿದ ತಲೆಯ ದೊಡ್ಡ ಪಾರಿವಾಳ ಕಂಡರೆ ಅದು ಅಂಡಮಾನ್ ಕಾಡು ಪಾರಿವಾಳ, ಅದೂ ಈ ದ್ವೀಪಗಳಿಗೆ ಮಾತ್ರ ಸೇರಿದ್ದು, ಖುಷಿಪಡಿ. ನೆಲದ ಮೇಲೆ ಎಲೆ ಕೆದಕುತ್ತಾ ಹಸಿರು ಹೊಳೆಯುವ ರೆಕ್ಕೆ, ಕೆಂಪು ಕೊಕ್ಕು ಕಂಡರೆ ಪಚ್ಚೆ ಬೆಳವ. ನಮ್ಮ ಕೊಡಗು, ಮಲೆನಾಡಿನಲ್ಲೂ ಇದೆ, ತಮಿಳುನಾಡಿನ ರಾಜ್ಯ ಪಕ್ಷಿಯೂ ಹೌದು.

ಹಣ್ಣಿನ ಮರ ಸಿಗದಿದ್ದರೆ ನೀರು ಹುಡುಕಿ. ಸಣ್ಣ ತೊರೆ, ರಸ್ತೆ ಬದಿಯ ಗುಂಡಿ ಏನಾದರೂ ಸರಿ. ಬಹಳಷ್ಟು ಹಕ್ಕಿಗಳು ಒಂದು ಗುಟುಕು ತೆಗೆದು ತಲೆ ಮೇಲೆತ್ತಿ ನುಂಗುತ್ತವೆ. ಬೆಳವಗಳು ಕೊಕ್ಕು ಮುಳುಗಿಸಿ ಒಂದೇ ಸಮ ಹೀರುತ್ತವೆ, ತಲೆ ಎತ್ತುವುದಿಲ್ಲ. ದೂರದಿಂದಲೇ ಗುರುತು ಹಿಡಿಯಬಹುದು.

ಮಾಡಬಾರದ್ದು ಒಂದು ಇದೆ, ಅದನ್ನು ಗಟ್ಟಿಯಾಗಿ ಹೇಳುತ್ತೇನೆ. ಮೊಬೈಲಿನಲ್ಲಿ ಹಕ್ಕಿಯ ದನಿ ಹಾಕಿ ಕರೆಯಬೇಡಿ. ಮೂರನೆಯ ದಿನ ಒಂದು ಗುಂಪು ಸ್ಪೀಕರ್ ತಂದು ಇಪ್ಪತ್ತು ನಿಮಿಷ ಒಂದೇ ದನಿ ಹಾಕಿದರು. ಹಕ್ಕಿ ಬರಲಿಲ್ಲ, ಅದುವರೆಗೆ ಕಾಡಿನೊಳಗಿಂದ ಬರುತ್ತಿದ್ದ ನಿಜವಾದ ದನಿಯೂ ನಿಂತುಹೋಯಿತು. ತನ್ನ ಜಾಗಕ್ಕೆ ಬೇರೆ ಗಂಡು ಬಂತು ಅಂದುಕೊಂಡ ಹಕ್ಕಿ ತಿನ್ನುವುದು, ಮರಿ ನೋಡುವುದು ಬಿಟ್ಟು ಒದ್ದಾಡುತ್ತದೆ. ಗೂಡು ಕಂಡರೆ ಫೋಟೋ ತೆಗೆಯುತ್ತಾ ನಿಲ್ಲಬೇಡಿ, ಹಾಗೇ ಮುಂದೆ ಹೋಗಿ. ಅಂಡಮಾನ್‌ನ ಮೂಲನಿವಾಸಿಗಳಾದ ಜಾರವಾ ಜನರ ಮೀಸಲು ಕಾಡಿನ ರಸ್ತೆಯಲ್ಲಿ ಹಕ್ಕಿ ನೋಡಲು ಗಾಡಿ ನಿಲ್ಲಿಸುವ ಯೋಚನೆಯನ್ನೂ ಮಾಡಬೇಡಿ, ಕಾನೂನು ಒಪ್ಪುವುದಿಲ್ಲ, ಅದು ಅವರ ಮನೆ. ನಿಕೋಬಾರ್‌ಗೆ ಹೊರಗಿನವರು ಪಾಸ್ ಇಲ್ಲದೆ ಹೋಗುವಂತಿಲ್ಲ. ಕಡಲ ತೀರದಲ್ಲಿ ಮೊಸಳೆ ಎಚ್ಚರಿಕೆ ಬೋರ್ಡ್ ಇದ್ದರೆ ಅದನ್ನು ನಂಬಿ. ಮಳೆ ಬಂದಿದ್ದರೆ ಕಾಡಿನಲ್ಲಿ ಇಂಬಳ ಇರುತ್ತದೆ, ಉದ್ದ ಸಾಕ್ಸ್ ಹಾಕಿಕೊಳ್ಳಿ.

ಕಾಡು ಪೂರ್ತಿ ಹಸಿರು ಕಂಡರೂ ಅಲ್ಲಿ ತೊಂದರೆ ಇದೆ. ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟ ಜಿಂಕೆಗಳು ಒಂದು ದ್ವೀಪದಿಂದ ಇನ್ನೊಂದಕ್ಕೆ ಈಜಿ ಹರಡಿವೆ. ಅವನ್ನು ತಿನ್ನಲು ಅಲ್ಲಿ ಹುಲಿಯೂ ಇಲ್ಲ, ಚಿರತೆಯೂ ಇಲ್ಲ. ಮರದ ಸಸಿಗಳನ್ನು ಮೇಯುತ್ತಲೇ ಇರುತ್ತವೆ. ಸಸಿ ಇಲ್ಲದಿದ್ದರೆ ನಾಳಿನ ಹಣ್ಣಿನ ಮರ ಎಲ್ಲಿಂದ ಬರಬೇಕು? ಗ್ರೇಟ್ ನಿಕೋಬಾರ್‌ನಲ್ಲಿ ಬಂದರು ಮತ್ತು ಊರಿನ ಯೋಜನೆಗೆ ಸುಮಾರು 130 ಚದರ ಕಿಲೋಮೀಟರ್ ಕಾಡು ಬಿಟ್ಟುಕೊಡುವ ತೀರ್ಮಾನವಾಗಿದೆ, ಈ ಬೆಳವ ಅಲ್ಲೂ ಇದೆ. ನನಗೆ ಇದು ತುಂಬಾ ನೋವಿನ ವಿಷಯ. ದ್ವೀಪದ ಹಕ್ಕಿಗೆ ಪಕ್ಕದ ಜಿಲ್ಲೆಗೆ ಹೋಗುವ ದಾರಿ ಇಲ್ಲ.

ಹಾಗಾಗಿ ನೋಡಿದ್ದನ್ನು ಬರೆದಿಡಿ. ನೋಡಿದ ಹಕ್ಕಿಗಳನ್ನು ದಾಖಲಿಸುವ ಇಬರ್ಡ್ ಆ್ಯಪ್‌ನಲ್ಲಿ ಹಾಕುವಾಗ ಹೆಸರು, ಸಂಖ್ಯೆ ಮಾತ್ರ ಹಾಕಿ ಬಿಡಬೇಡಿ. ಕೆಳಗೆ ಟಿಪ್ಪಣಿ ಬರೆಯುವ ಜಾಗ ಇದೆ, ಕನ್ನಡದಲ್ಲೇ ಬರೆಯಬಹುದು. ಯಾವ ಮರ, ಹಣ್ಣು ಹಸಿರೋ ಮಾಗಿತ್ತೋ, ಎಷ್ಟು ಹೊತ್ತು ಇತ್ತು, ನೆಲದಿಂದ ಎಷ್ಟು ಎತ್ತರ, ಒಂಟಿಯೋ ಜೋಡಿಯೋ. ಮರದ ಹೆಸರು ಗೊತ್ತಿಲ್ಲದಿದ್ದರೆ ಬಿದ್ದ ಎಲೆ ಮತ್ತು ಹಣ್ಣಿನ ಫೋಟೋ ತೆಗೆಯಿರಿ, ಆಮೇಲೆ ಕೇಳಿ ತಿಳಿದುಕೊಳ್ಳಬಹುದು. ನನ್ನ ಆ ದಿನದ ಟಿಪ್ಪಣಿ ಹೀಗಿದೆ: "ಬೆಳಿಗ್ಗೆ 6:35, ಗಂಡು, ಒಂದೇ, ಚಂದಕಲು ಜಾತಿಯ ಮರ, ಸುಮಾರು 15 ಅಡಿ ಎತ್ತರ, 11 ಹಣ್ಣು ತಿಂದಿತು, ಹೆದರಲಿಲ್ಲ."